ಕೆಸರು ಎಷ್ಟು ಮೆತ್ತಗೆ

ಜುಲೈ 21, ಸೋಮವಾರ

ಮಳೆಗಾಲ ಮುಗಿದ ಮೇಲೆ ನಾನು ಟಿಕೆಟ್ ಕಿಟಕಿಯ ಹಿಂದೆ ಕೂರುವಂತಿಲ್ಲ. ಅರಣ್ಯ ಇಲಾಖೆಯ ಸಾಹೇಬರು ಇವತ್ತು ಹೇಳಿಯೇಬಿಟ್ಟರು. ಸದಾಶಿವಗಡದ ಹಿನ್ನೀರಿನ ಕಾಂಡ್ಲಾ ಕಾಡು ನೋಡಲು ಈಗ ಗೋವಾದಿಂದ, ಪುಣೆಯಿಂದ, ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರನ್ನು ಹಲಗೆ ದಾರಿಯ ಮೇಲೆ ಕರೆದುಕೊಂಡು ಹೋಗಿ ಗಿಡ, ಹಕ್ಕಿ, ಏಡಿ ಎಲ್ಲ ತೋರಿಸಿ ಇಂಗ್ಲಿಷಿನಲ್ಲಿ ಹೇಳಬೇಕಂತೆ. "ಸುನೀತಾ, ನಿನಗೆ ಈ ಕಾಡಿನದೆಲ್ಲ ಗೊತ್ತಿದೆ. ಭಾಷೆಯೊಂದೇ ಬಾಕಿ" ಎಂದರು. ಭಾಷೆಯೊಂದೇ! ಪಿಯುಸಿಯಲ್ಲಿ ಇಂಗ್ಲಿಷ್ ಪರೀಕ್ಷೆಗೆ ಎರಡು ಸಲ ಕೂತವಳು ನಾನು.

ಕಲಿಸಲು ವೇದಾವತಿ ಅಕ್ಕೋರು ಬಂದಿದ್ದಾರೆ. ಮಲ್ಲಾಪುರದಲ್ಲಿ ಬಹಳ ವರ್ಷ ಕಲಿಸಿ ನಿವೃತ್ತರಾದವರು. ಪುಸ್ತಕ ತಂದಿರಲಿಲ್ಲ. ಕೊಡೆ ಹಿಡಿದುಕೊಂಡು ನನ್ನನ್ನು ಹಲಗೆಯ ಮೇಲೆ ನಿಲ್ಲಿಸಿ ಕೈಗೊಂದು ಕೋಲು ಕೊಟ್ಟರು. ದಂಡೆಯ ಹತ್ತಿರ ಕೋಲು ಊರಿದರೆ ಗೇಣುದ್ದ ಇಳಿಯಿತು. "ಫೇರ್ಲಿ ಸಾಫ್ಟ್" ಎಂದರು. ಸ್ವಲ್ಪ ಮುಂದೆ ಮೊಳದುದ್ದ. "ಸಾಫ್ಟ್." ಬೇರುಗಳ ನಡುವೆ ಅರ್ಧ ಕೋಲೇ ಹೋಯಿತು. "ವೆರಿ ಸಾಫ್ಟ್."

"ಹಕ್ಕಿ ಹೆಸರು, ಗಿಡದ ಹೆಸರು ಬೇಗ ಬರ್ತದೆ ಸುನೀತಾ. ಎಷ್ಟು ಅಂತ ಹೇಳೂದೇ ಕಷ್ಟ. ನಾವು ಅದನ್ನೇ ಮೊದಲು ಮಾಡುವಾ."

ಅವರ್ಸಾದ ಮನೆಗೆ ಬಂದು ಹೇಳಿದರೆ ತಮ್ಮ ಯೋಗೇಶನಿಗೆ ನಗುವೋ ನಗು. "ಅಕ್ಕಾ, ನಿನ್ನ ಏಡಿಗೆ ಇಂಗ್ಲಿಷ್ ತಿಳೀತದ್ಯೇ?" ಎನ್ನುತ್ತ ಏಡಿಯ ಹಾಗೆ ಅಡ್ಡಡ್ಡ ನಡೆದುಕೊಂಡು ಅಡುಗೆಮನೆಗೆ ಹೋದ. ಅವನ ಹೆಂಡತಿ ಪೂಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವ್ವಿಯೂ ನಕ್ಕಳು.

ಜುಲೈ 26, ಶನಿವಾರ

ನಾಚಿಕೆಯ ದಿನ. ಮಳೆ ಬಿಟ್ಟ ಹೊತ್ತಿನಲ್ಲಿ ಗಂಡಹೆಂಡತಿ ಇಬ್ಬರು ಬಂದರು. ಆಕೆ ನನ್ನನ್ನು ಏನೋ ಕೇಳಿದಳು. ನೀರುನಾಯಿಯ ಬಗ್ಗೆ ಎಂದು ಆಮೇಲೆ ಗೊತ್ತಾಯಿತು. ಉತ್ತರ ನನ್ನ ಹತ್ತಿರ ಇತ್ತು, ನಾಲಿಗೆಯ ಮೇಲೆ ಬರಲಿಲ್ಲ. ಚಿಲ್ಲರೆ ಹುಡುಕುವವಳ ಹಾಗೆ ಮೇಜಿನ ಕೆಳಗೆ ಬಗ್ಗಿದೆ. ಅವರು ಹೋದರೆಂದು ಗೊತ್ತಾದ ಮೇಲೆಯೇ ಎದ್ದದ್ದು.

ಅಕ್ಕೋರು ನೋಡಿದ್ದರು, ಬೈಯಲಿಲ್ಲ. ಹಲಗೆ ದಾರಿಯ ತುದಿಗೆ ಕರೆದುಕೊಂಡು ಹೋಗಿ ಮತ್ತೆ ಕೋಲು ಕೊಟ್ಟರು. ಅಲ್ಲಿ ಕೋಲು ಪೂರ್ತಿ ಇಳಿದು ಕೈಯೇ ಕೆಸರಿಗೆ ತಾಗಿತು.

"ಇದು ವೆರಿ ಅಲ್ಲ, ಟೂ. ಟೂ ಸಾಫ್ಟ್ ಟು ವಾಕ್ ಆನ್. ವೆರಿ ಅಂದ್ರೆ ಜಾಗ್ರತೆ ಮಾಡ್ಕೊಂಡು ಹೋಗ್ಬಹುದು, ಬಾಗಿಲು ತೆರೆದೇ ಇದೆ. ಟೂ ಅಂದ್ರೆ ಬಾಗಿಲು ಹಾಕಿತು. ನಮ್ಮವರು ಎರಡಕ್ಕೂ 'ಭಾಳ' ಅಂತಾರೆ."

ಮನೆಯಲ್ಲಿ ಯೋಗೇಶನಿಗೂ ಇದನ್ನು ಕಲಿಸಿದೆ. ಸಾರಿನ ಬಟ್ಟಲು ಎತ್ತಿ, "ಪೂಜಾ, ಸಾರು ವೆರಿ ಖಾರ. ಟೂ ಅಲ್ಲ. ಇನ್ನೊಂದು ಸೌಟು ಹಾಕು" ಎಂದ.

ಆಗಸ್ಟ್ 2, ಶನಿವಾರ

ಇವತ್ತು 'ಆಲ್ಮೋಸ್ಟ್'. ಮಿಂಚುಳ್ಳಿಯೊಂದು ಕೊಂಬೆಯಿಂದ ನೀರಿಗೆ ಬಿದ್ದು ಖಾಲಿ ಕೊಕ್ಕಿನಲ್ಲಿ ಎದ್ದಿತು. "ಇಟ್ ಆಲ್ಮೋಸ್ಟ್ ಕಾಟ್ ಎ ಫಿಶ್" ಎಂದರು ಅಕ್ಕೋರು. ಹಾಗಾದರೆ ಹಿಡಿಯಿತೋ ಇಲ್ಲವೋ ಎಂದು ಕೇಳಿದೆ. "ಇಲ್ಲ. ಕೇಳೂಕೆ ಮಾತ್ರ ಹಿಡಿದ ಹಾಗೆ ಕೇಳ್ತದೆ" ಎಂದರು. ಆಮೇಲೆ 'ಹಾರ್ಡ್ಲಿ'. ಮಳೆಗಾಲದಲ್ಲಿ ನೀರುನಾಯಿ ಕಾಣುವುದು ಹಾರ್ಡ್ಲಿ. ಇಲ್ಲ ಎನ್ನದೆ ಇಲ್ಲ ಎನ್ನುವ ಮಾತು. ಬಹಳ ಮರ್ಯಾದಸ್ಥರ ಭಾಷೆ ಇದು.

ಯೋಗೇಶ ಬೈತಖೋಲ ಬಂದರಿನಿಂದ ಸೀಗಡಿ ತಂದಿದ್ದ. ಜಟ್ಟಿಯ ಫೈಬರ್ ದೋಣಿಯಲ್ಲಿ ಅವರು ಮೂವರು: ಜಟ್ಟಿ, ಕುಪ್ಪ, ನಮ್ಮವನು. ಅವನು ಕಡಲಿಗೆ ಹೋಗತೊಡಗಿ ಎರಡು ವರ್ಷವಾದರೂ ಅವ್ವಿಗೆ ಒಪ್ಪಿಗೆಯಿಲ್ಲ. ಸೀಗಡಿ ಸುಲಿಯುತ್ತ ಮತ್ತೆ ಅದೇ ಮಾತು: "ನಾವು ಗದ್ದೆ ಮಂದಿ. ನೀರು ನಮ್ಮ ಮಾತು ಕೇಳೂದಿಲ್ಲ." ಅವನು ಅವಳ ಕೈಯಿಂದಲೇ ಸೀಗಡಿ ಕಸಿದುಕೊಂಡು ಸುಲಿಯಲು ಕೂತ.

ಆಗಸ್ಟ್ 5, ಮಂಗಳವಾರ

ಸಂಜೆ ಯೋಗೇಶನ ಮೊಬೈಲಿಗೆ ಹವಾಮಾನದ ಎಚ್ಚರಿಕೆ ಬಂತು. ಇಂಗ್ಲಿಷಿನಲ್ಲಿತ್ತು, "ಓದು ಅಕ್ಕ" ಎಂದು ನನ್ನ ಕೈಗೆ ಕೊಟ್ಟ. ನಾಳೆ ಮಧ್ಯಾಹ್ನದ ಮೇಲೆ ಕಡಲು ರಫ್ ಟು ವೆರಿ ರಫ್. ಮೀನುಗಾರರು ಇಳಿಯಬಾರದು.

"ಹೋಗ್ಬೇಡ್ವೋ" ಎಂದೆ.

"ಮಧ್ಯಾಹ್ನದ ಮೇಲೆ ತಾನೆ? ನಾವು ಹನ್ನೆರಡಕ್ಕೆ ಬಂದು ಊಟ ಮಾಡ್ತಿರ್ತೇವೆ. ಮತ್ತೆ ವೆರಿ ಅಂದ್ರೆ ಬಾಗ್ಲು ತೆರೆದೇ ಇರ್ತದೆ ಅಂತ ನೀನೇ ಹೇಳಿದ್ಯಲ್ಲೇ. ಟೂ ಅಂತ ಬರೀಲಿ, ಆಗ ಹೋಗೂದಿಲ್ಲ."

ನನಗೂ ನಗು ಬಂತು.

ಆಗಸ್ಟ್ 6, ಬುಧವಾರ

ಹನ್ನೆರಡಕ್ಕೆ ಬರಲಿಲ್ಲ. ಗಾಳಿ ಹತ್ತು ಗಂಟೆಗೇ ಎದ್ದಿತ್ತು. ಬೇರೆ ದೋಣಿಗಳು ಬಂದಿವೆಯಂತೆ. ಮೊಬೈಲು ಸ್ವಿಚ್ ಆಫ್ ಎನ್ನುತ್ತಿದೆ, ಮೂರು ಭಾಷೆಯಲ್ಲಿ.

ಆಗಸ್ಟ್ 7, ಗುರುವಾರ

ಬೆಳಿಗ್ಗೆಯಿಂದ ಬೈತಖೋಲದಲ್ಲಿದ್ದೆವು, ಅವ್ವಿ, ಪೂಜಾ, ನಾನು. ಕುಪ್ಪನ ಹೆಂಡತಿ ಸುಗಂಧಾ ಮೊದಲೇ ಬಂದು ಹರಾಜಿನ ಶೆಡ್ಡಿನ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಮನೆ ಬಂದರಿನ ಹಿಂದಿನ ಗುಡ್ಡದ ಬುಡದಲ್ಲೇ. ಮೀನಿಲ್ಲದ ಶೆಡ್ಡು ಎಷ್ಟು ದೊಡ್ಡದು ಎಂದು ಇವತ್ತೇ ನೋಡಿದ್ದು.

ಹುಡುಕುವ ಹಡಗಿನ ಅಧಿಕಾರಿ ಬಂದರು. ಉತ್ತರದ ಕಡೆಯ ಹುಡುಗ, ನಮ್ಮ ಯೋಗೇಶನಷ್ಟೇ ವಯಸ್ಸು. ಹಿಂದಿಯಲ್ಲಿ ಶುರು ಮಾಡಿ ಇಂಗ್ಲಿಷಿಗೆ ಹೋದರು. ಎಲ್ಲರೂ ನನ್ನನ್ನು ಮುಂದೆ ದೂಡಿದರು. "ನಮ್ಮ ಸುನೀತಾ ಇಂಗ್ಲಿಷ್ ಕಲೀತಾ ಅದೆ" ಎಂದಳು ಅವ್ವಿ, ಆ ಹೊತ್ತಿನಲ್ಲೂ ಒಂದು ಹೆಮ್ಮೆಯಲ್ಲಿ. ಅವರು ನನ್ನ ಮುಖ ನೋಡುತ್ತ ನಿಧಾನವಾಗಿ ಹೇಳಿದರು. ಬಾಯಿ ಅಲ್ಲಾಡುವುದು ಕಂಡಿತು, ಮಾತು ಒಳಗೆ ಹೋಗಲಿಲ್ಲ. ತಲೆ ಆಡಿಸಿದೆ. ಅವರು ಹೊರಟುಹೋದರು.

"ಎಂತ ಹೇಳಿದ್ರೇ?" ಎಂದು ಅವ್ವಿ ಕೇಳಿದಳು.

"ಹುಡುಕ್ತಾ ಇದ್ದಾರೆ."

ಅವರು ಹೇಳಿದ್ದು ಅದೇ ಇರಬಹುದು. ಅದಕ್ಕಿಂತ ಉದ್ದವಿತ್ತು.

ಆಗಸ್ಟ್ 8, ಶುಕ್ರವಾರ

ಜಟ್ಟಿ ಸಿಕ್ಕಿದ. ಖಾಲಿ ಡೀಸೆಲ್ ಕ್ಯಾನು ಅವುಚಿಕೊಂಡು ತೇಲುತ್ತಿದ್ದನಂತೆ, ಬೇರೆ ಊರಿನ ದೋಣಿಯವರು ಎತ್ತಿದರು. ಆಸ್ಪತ್ರೆಯಲ್ಲಿ ನೋಡಿದೆವು. ತುಟಿ ಉಪ್ಪಿಗೆ ಒಡೆದಿತ್ತು. ಬಲೆ ಎಳೆಯುವಾಗ ಇಂಜಿನು ನಿಂತಿತಂತೆ, ಒಂದು ಅಲೆ ಅಡ್ಡ ಬಂದು ದೋಣಿ ಮಗುಚಿತಂತೆ. ಕುಪ್ಪ ಮತ್ತೆ ಕಾಣಲೇ ಇಲ್ಲವಂತೆ.

"ಯೋಗೇಶ ನನ್ನ ಹತ್ರನೇ ಇದ್ದ. ಕೈ ಚಾಚಿದೆ. ಇನ್ನೇನು ಸಿಕ್ಕೇಬಿಟ್ಟಿತ್ತು ಅವನ ಕೈ."

ಅವ್ವಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಸಿಕ್ಕಿತ್ತಲ್ಲ? ಸಿಕ್ಕಿತ್ತು ಅಂದ್ಯಲ್ಲ?" ಎಂದು ಕೇಳುತ್ತಲೇ ಇದ್ದಳು. ಜಟ್ಟಿ ಗೋಡೆಯ ಕಡೆ ತಿರುಗಿದ. ನಾನು ಅವಳನ್ನು ಹೊರಗೆ ಕರೆದುಕೊಂಡು ಬಂದೆ.

ಮಂಗಳವಾರ ನಾನು ನಕ್ಕಿದ್ದೆ. ಹೋಗಬೇಡ ಎಂದು ಒಂದು ಸಲ ಹೇಳಿ, ಆಮೇಲೆ ನಕ್ಕಿದ್ದೆ.

ಆಗಸ್ಟ್ 9, ಶನಿವಾರ

ನೂಲ ಹುಣ್ಣಿಮೆ. ಬಂದರಿನವರು ಕಡಲಿಗೆ ತೆಂಗಿನಕಾಯಿ ಬಿಡಲು ಬಂದರು. ಈ ಸಲ ಡೋಲು ಇರಲಿಲ್ಲ, ನಮ್ಮನ್ನು ನೋಡಿ ಬಾರಿಸಲಿಲ್ಲವಿರಬೇಕು. ಅವ್ವಿಯೂ ಒಂದು ಕಾಯಿ ಬಿಟ್ಟಳು. ಅಲೆ ಅದನ್ನು ತಿರುಗಿ ದಂಡೆಗೆ ತಂದಿತು. ಅವಳು ನೀರಿಗಿಳಿದು ಮತ್ತೆ ದೂಡಿದಳು. ಮತ್ತೆ ತಂದಿತು. ಪೂಜಾ ಹೋಗಿ ಅವಳ ತೋಳು ಹಿಡಿದಳು.

ಅದೇ ಅಧಿಕಾರಿ ಇದ್ದರು. ಇವತ್ತು ಮಾತು ಕೇಳಿಸಿತು. ಹುಡುಕಬೇಕಾದ ಜಾಗ ಫೇರ್ಲಿ ಲಾರ್ಜ್. ಮಳೆಯಲ್ಲಿ ದೂರ ಕಾಣುವುದು ರಾದರ್ ಪೂವರ್. ಜಾಗ ದೊಡ್ಡದು, ಮಂಜು ಮಂಜು ಅದೆ ಎಂದು ಹೆಂಗಸರಿಗೆ ಹೇಳಿದೆ. "ರಾದರ್" ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ, ಬಿಟ್ಟುಬಿಟ್ಟೆ.

ಆಗಸ್ಟ್ 12, ಮಂಗಳವಾರ

ಇಂದು ಬಂದರಿನ ಆಫೀಸಿನ ಒಳಗೇ ಕರೆದರು. ಗೋಡೆಯ ಮೇಲೆ ಕಡಲಿನ ನಕ್ಷೆ, ಅದರ ಮೇಲೆ ಪೆನ್ಸಿಲಿನ ಚೌಕಗಳು. ಅಧಿಕಾರಿ ಒಂದೊಂದೇ ಚೌಕ ತೋರಿಸಿದರು. ಕೊನೆಗೆ, ದೇರ್ ಈಸ್ ಹಾರ್ಡ್ಲಿ ಎನಿ ಚಾನ್ಸ್ ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವರಿಗೆ ಏನೂ ಹೇಳದೆ ಅಧಿಕಾರಿಯನ್ನೇ ಕೇಳಿದೆ: "ಸರ್, ಈಸ್ ಇಟ್ ವೆರಿ ಲೇಟ್, ಆರ್ ಟೂ ಲೇಟ್?"

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಐ ಆಮ್ ಸಾರಿ, ದೀದಿ" ಎಂದರು.

ಹೊರಗೆ ಬಂದು ಸುಗಂಧಾಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪೂಜಾಳಿಗೂ ಹೇಳಿದೆ. ಅವ್ವಿಗೆ ಹೇಳಲು ಬಾಯಿ ಬರಲಿಲ್ಲ. "ಕಷ್ಟ ಅದೆ ಅಂದ್ರು" ಎಂದೆ.

"ಕಷ್ಟ ಅಂದ್ರೆ ಆಗೂದಿಲ್ಲ ಅಂತ ಅಲ್ಲ" ಎಂದಳು ಅವ್ವಿ.

ಆಗಸ್ಟ್ 14, ಗುರುವಾರ

ಹುಡುಕಾಟ ನಿಲ್ಲಿಸಿದರು.

ಆಗಸ್ಟ್ 23, ಶನಿವಾರ

ನಿನ್ನೆ ಫೋನು ಬಂದಿತ್ತು. ಗಡಿಯಾಚೆ ಗೋವಾದ ತೀರದಲ್ಲಿ ಒಂದು ಹೆಣ ಬಂದಿದೆ, ಗುರುತು ಹಿಡಿಯಬೇಕು ಎಂದು. ನಾನು, ಸುಗಂಧಾ, ಕುಪ್ಪನ ಅಣ್ಣ ಹೋದೆವು. ಪೂಜಾ ಬರುತ್ತೇನೆಂದು ಹೊರಟವಳು ಬಾಗಿಲಲ್ಲೇ ಕೂತುಬಿಟ್ಟಳು.

ಬಸ್ಸಿನಲ್ಲಿ ಸುಗಂಧಾ ನನ್ನ ಪಕ್ಕ ಕೂತಿದ್ದಳು. ಅವಳು ದೇವರಲ್ಲಿ ಏನು ಕೇಳಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಕೇಳಿಕೊಳ್ಳುತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಇಬ್ಬರ ಬೇಡಿಕೆಯೂ ಒಟ್ಟಿಗೆ ನಡೆಯುವಂತಿರಲಿಲ್ಲ. ಆದರೂ ಬಸ್ಸು ಗಡಿ ದಾಟುವಾಗ ಅವಳು ನನ್ನ ಕೈ ಹಿಡಿದುಕೊಂಡಳು.

ನೋಡಿದ್ದನ್ನು ಬರೆಯುವುದಿಲ್ಲ. ಮುಖ ಇರಲಿಲ್ಲ, ಇಷ್ಟು ಸಾಕು. ಸೊಂಟದಲ್ಲಿ ಕರಿಯ ಉಡಿದಾರವಿತ್ತು. ಕುಪ್ಪನಿಗೂ ಇತ್ತು, ಯೋಗೇಶನಿಗೂ ಇತ್ತು. ಎತ್ತರ ಇಬ್ಬರದೂ ಒಂದೇ. ಸುಗಂಧಾ ನೋಡಿ, ಇವರಲ್ಲ ಎಂದಳು. ಮತ್ತೆ, ಇರಬಹುದು ಎಂದಳು. ಅಲ್ಲಿದ್ದ ಪೊಲೀಸ್ ಹೆಂಗಸು ನನ್ನ ಕಡೆ ತಿರುಗಿ, "ಈಸ್ ಇಟ್ ಯುವರ್ ಬ್ರದರ್? ಆರ್ ಯೂ ಶೂರ್? ಕ್ವೈಟ್ ಶೂರ್?" ಎಂದು ಕೇಳಿದಳು.

ಹೌದು ಎಂದರೆ ಅವ್ವಿಯ ಮಗ ಸತ್ತ. ಅಲ್ಲ ಎಂದರೆ ಸುಗಂಧಾಳ ಗಂಡ ಸತ್ತ. ನನ್ನ ಬಾಯಿಯಲ್ಲಿ ಬರುವ ಒಂದು ಮಾತಿಗೆ ಇಷ್ಟು ಭಾರ ಯಾಕೆ? ನನಗೆ ಗೊತ್ತಿಲ್ಲ ಎಂದೆ, ಅದು ನಿಜವಾಗಿತ್ತು. ಹಾಗಾದರೆ ರಕ್ತ ಪರೀಕ್ಷೆ ಮಾಡುತ್ತಾರೆ ಎಂದಳು. ಅವ್ವಿಯ ರಕ್ತ ಬೇಕು. ಕುಪ್ಪನ ಅಣ್ಣನದೂ.

ಆಗಸ್ಟ್ 27, ಬುಧವಾರ

ಚೌತಿ. ಊರಲ್ಲೆಲ್ಲ ಗಣಪತಿ. ನಮ್ಮ ಮನೆಯಲ್ಲಿ ಸೂತಕವೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಕೇರಿಯ ಹಿರಿಯರು ಬಂದು, ಹುಲ್ಲಿನ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಿಬಿಡಿ, ಎಷ್ಟು ದಿನ ಹೀಗೆ ಎಂದರು. ಅವ್ವಿ ಸೂಡಿ ಹಿಡಿದು ಅಂಗಳ ಗುಡಿಸತೊಡಗಿದಳು, ಅವರು ಕೂತ ಜಾಗವನ್ನೂ ಬಿಡದೆ. "ಬದುಕಿದ್ದವನಿಗೆ ಬೆಂಕಿ ಇಡೂ ಮಂದಿ ನಾವಲ್ಲ."

ರಕ್ತ ಕೊಟ್ಟು ಬಂದಾಗಿನಿಂದ ಸೂಜಿ ಚುಚ್ಚಿದ ಜಾಗವನ್ನು ಸವರಿಕೊಳ್ಳುತ್ತಾಳೆ. "ಇಷ್ಟೇ ರಕ್ತದಲ್ಲಿ ಅವ ನನ್ನ ಮಗ ಹೌದೋ ಅಲ್ಲೋ ಅಂತ ತಿಳೀತದ್ಯೇ?" ತಿಳಿಯುತ್ತದೆ ಎಂದೆ. "ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ" ಎಂದಳು.

ಪೂಜಾಳ ತಂದೆ ಅವಳನ್ನು ಕರೆದೊಯ್ಯಲು ಬಂದಿದ್ದರು. ಅವಳು ಹೋಗಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಪಾಠಕ್ಕೆ ಮತ್ತೆ ಹೋದೆ. ಅಕ್ಕೋರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಆಮೇಲೆ, "ಎನಫ್" ಎಂದರು, "ಐದು ವಾಕ್ಯ ಮಾಡು." ಉಬ್ಬರ ಹೊತ್ತು, ಎದುರಿಗೆ ಕಾಣುವುದನ್ನೇ ಹೇಳಿದೆ. ನೀರು ಬೇರು ಮುಚ್ಚುವಷ್ಟು ಎತ್ತರವಿದೆ. ಹದ್ದು ಗುರುತು ಸಿಗುವಷ್ಟು ಹತ್ತಿರವಿಲ್ಲ. ಏಡಿ ಬಿಲ ಸೇರುವಷ್ಟು ಚುರುಕಾಗಿರಲಿಲ್ಲ. ಎರಡು ವಾಕ್ಯ ಬಾಕಿಯಿತ್ತು. ಅಕ್ಕೋರು "ಸಾಕು ಮಗಾ" ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. ಏನು ತಪ್ಪಾಯಿತೋ ತಿಳಿಯಲಿಲ್ಲ, ವ್ಯಾಕರಣ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಪುಣೆಯ ಒಂದು ಗುಂಪು ಬಂತು, ಬೇರೆ ಯಾರೂ ಇರಲಿಲ್ಲ. ನಾನೇ ಕರೆದುಕೊಂಡು ಹೋಗಿ ತೋರಿಸಿ ಬಂದೆ. ಒಬ್ಬಾತ ಹಲಗೆಯಿಂದ ಕೆಳಗೆ ಕಾಲಿಡಲು ಹೋದಾಗ ಜೋರಾಗಿ ತಡೆದೆನಂತೆ, ಅವನು ಹೆದರಿದನಂತೆ. ಸಾಹೇಬರು ಹೇಳಿ ನಕ್ಕರು. ಬರುವಾಗ ಅವ್ವಿಯ ಮಂಡಿಯ ಎಣ್ಣೆ ತರಲು ಮರೆತೆ.

ಸೆಪ್ಟೆಂಬರ್ 21, ಭಾನುವಾರ

ಪೂಜಾಳೊಡನೆ ಗದ್ದೆಗೆ ಹೋಗಿದ್ದೆ. ತೆನೆ ಹಾಲು ತುಂಬುತ್ತಿದೆ. ನೀರು ಕಟ್ಟುವುದರಲ್ಲಿ ಯೋಗೇಶನಷ್ಟು ಸೋಮಾರಿ ಇನ್ನೊಬ್ಬನಿರಲಿಲ್ಲ. ಬದುವಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ, ನೀರು ಪಕ್ಕದವರ ಗದ್ದೆಗೆ ಹೋಗುತ್ತಿತ್ತು. ಪೂಜಾಳಿಗೆ ಇದನ್ನು ಹೇಳಿದಾಗ ನಕ್ಕಳು. ನಾವಿಬ್ಬರೂ ನಕ್ಕಿದ್ದು ಎಷ್ಟೋ ದಿನದ ಮೇಲೆ.

ಸೆಪ್ಟೆಂಬರ್ 30, ಮಂಗಳವಾರ

ಬೆಳಿಗ್ಗೆಯೇ ಗೋವಾದ ಪೊಲೀಸ್ ಹೆಂಗಸು ನನಗೇ ಫೋನು ಮಾಡಿದಳು. ಇಂಗ್ಲಿಷಿನಲ್ಲೇ ಮಾತಾಡಿದೆವು.

ಅದು ಕುಪ್ಪ.

ಸುಗಂಧಾಗೆ ನೀವೇ ಹೇಳುತ್ತೀರಾ ಎಂದು ಕೇಳಿದಳು. ಕೆಲಸಕ್ಕೆ ರಜೆ ಹಾಕಿ ಪೂಜಾಳನ್ನೂ ಕರೆದುಕೊಂಡು ಹೋದೆ. ಸುಗಂಧಾ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮನ್ನು ನೋಡಿದವಳೇ ತಿಳಿದುಕೊಂಡಳು. ಕೂಗು ಗುಡ್ಡದವರೆಗೆ ಹೋಯಿತು. ಅಕ್ಕಪಕ್ಕದವರು ಬಂದು ಹಿಡಿದರು. ತುಂಬಾ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, "ನಂದು ಬಂತು. ಹೇಗಾದ್ರೂ ಬಂತು" ಎಂದಳು. ಆಮೇಲೆ ಎದ್ದು, ಅವನನ್ನು ಎಲ್ಲಿ ಮಲಗಿಸುವುದು, ಕಟ್ಟಿಗೆಗೆ ಯಾರು ಹೋಗುತ್ತಾರೆ ಎಂದು ಭಾವನೊಡನೆ ಮಾತಾಡತೊಡಗಿದಳು. ಮಾತಾಡುತ್ತಾಡುತ್ತಾ ಅವಳ ದನಿ ನೆಟ್ಟಗಾಯಿತು.

ಬಸ್‌ಸ್ಟಾಂಡಿನಲ್ಲಿ ಪೂಜಾ ನನ್ನ ಪಕ್ಕ ನಿಂತಳು. ಅವರ್ಸಾದ ಬಸ್ಸು ಬಂದು ನಿಂತಾಗ, "ಅತ್ಗೆ" ಎಂದಳು. "ಅದು ಇವರೇ ಆಗಿರ್ಲಿ ಅಂದ್ಕಂಡಿದ್ದೆ ನಾನು. ದಿನಾ ಅದನ್ನೇ ಬೇಡ್ಕಂಡಿದ್ದೆ. ಅತ್ತೆಗೆ ಹೇಳ್ಬೇಡಿ."

ಅವಳ ಕೈ ಹಿಡಿದು ಬಸ್ಸು ಹತ್ತಿಸಿದೆ.

ಅವ್ವಿ ಬಾಗಿಲಲ್ಲೇ ಕಾಯುತ್ತಿದ್ದಳು. ನಮ್ಮವನಲ್ಲ ಎಂದ ತಕ್ಷಣ ಅವಳ ಮುಖ! ಎಂಟು ವಾರದಿಂದ ನಾನು ಕಾಣದ ಮುಖ. "ನಾ ಹೇಳಿದ್ದೆ! ನಾ ಹೇಳಿದ್ದೆ ನಿಮಗೆ!" ಎಂದು ನಮ್ಮಿಬ್ಬರ ಗಲ್ಲ ಹಿಡಿದು ಅಲ್ಲಾಡಿಸಿದಳು. ಪಾಪ ಕುಪ್ಪ, ಪಾಪ ಸುಗಂಧಾ ಎಂದು ಕಣ್ಣೀರನ್ನೂ ಹಾಕಿದಳು. ಕಣ್ಣೀರು ಹಾಕುತ್ತಲೇ ಒಳಗೆ ಹೋಗಿ ಕಪಾಟು ತೆರೆದಳು. ಯೋಗೇಶನ ಅಂಗಿಗಳನ್ನೆಲ್ಲ ಹೊರಗೆಳೆದಳು. ಕಪಾಟಿನಲ್ಲಿ ಮುಗ್ಗಲು ಹಿಡಿದಿವೆ, ಬಂದವನು ಏನು ಹಾಕಿಕೊಳ್ಳಬೇಕು ಎಂದು ಬೈಯುತ್ತ, ಬಾವಿಯ ನೀರು ಸೇದಿ, ಒಂದೊಂದನ್ನೂ ತಿಕ್ಕಿ ತೊಳೆದು ಅಂಗಳದ ತಂತಿಯ ಮೇಲೆ ಹರವಿದಳು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ತಡೆಯಬೇಕೆನಿಸಿತು, ಏನೆಂದು ತಡೆಯುವುದು?

ನಾಲ್ಕು ಗಂಟೆಯ ಹೊತ್ತಿಗೆ ಕಡಲ ಕಡೆಯಿಂದ ಕಪ್ಪಾಗಿ ಮಳೆ ಎದ್ದಿತು. ಅವ್ವಿ ಸುಸ್ತಾಗಿ ಜಗಲಿಯಲ್ಲಿ ಮಲಗಿ ನಿದ್ದೆ ಹೋಗಿದ್ದಳು. ನಾನು ಏಳುವ ಮೊದಲೇ ಪೂಜಾ ಅಂಗಳಕ್ಕೆ ಓಡಿದಳು. ಎಲ್ಲ ಅಂಗಿಗಳನ್ನೂ ಬಾಚಿ ಎದೆಗವುಚಿಕೊಂಡು ಒಳಗೆ ಬಂದಳು. ಗೋಡೆಗೊರಗಿ ಕೂತು ಒಂದೊಂದನ್ನೇ ತೊಡೆಯ ಮೇಲಿಟ್ಟು ಗುಂಡಿ ಹಾಕಿ ಮಡಚಿದಳು. ಮಳೆಯ ಸದ್ದಿಗೆ ಅವ್ವಿ ಗಾಬರಿಯಲ್ಲಿ ಎದ್ದು ಕೂತಳು.

"ಅಂಗಿ?"

"ತಂದೆ ಅತ್ತೆ" ಎಂದಳು ಪೂಜಾ. "ಒಂದೂ ನೆನೀಲಿಲ್ಲ."